ಸುಮ್ಮನಿದ್ದವರು ಯಾರು?

ಬೈಬಲಿನ ಹಳೆಯ ಒಡಂಬಡಿಕೆಯ ಕೊನೆಯದಾದ ಮಲಾಕಿಯನ ಗ್ರಂಥ ಮುಗಿದ ಮೇಲೆ ಹೊಸ ಒಡಂಬಡಿಕೆಯ ಮೊದಲನೆಯದಾದ ಮತ್ತಾಯನ ಸುವಾರ್ತೆಯವರೆಗೆ ದೇವರು ನಾನೂರು ವರ್ಷ ಮೌನವಾಗಿದ್ದನು, ಆದ್ದರಿಂದ ಆ ಕಾಲದ ಬಗ್ಗೆ ತಿಳಿಯಬೇಕಾದದ್ದೇನೂ ಇಲ್ಲ ಎಂದು ಬೋಧಕರೊಬ್ಬರು ವಿಡಿಯೊದಲ್ಲಿ ಘೋಷಿಸಿದ್ದನ್ನು ಈಗಷ್ಟೇ ಕೇಳಿ ತಲೆ ಬಿಸಿಯಾಗಿದೆ. ದೇವರ ವಿಷಯ ನಾನರಿಯೆ, ಯೆಹೂದ್ಯರಂತೂ ಸುಮ್ಮನಿರಲಿಲ್ಲ. ಮಕ್ಕಬಿಯರೆಂಬ ಯೆಹೂದ್ಯ ಮನೆತನದವರು ಗ್ರೀಕ್ ಅರಸರ ವಿರುದ್ಧ ದಂಗೆ ಎದ್ದದ್ದು, ಮೋಶೆಯ ಧರ್ಮಶಾಸ್ತ್ರ ಗ್ರೀಕ್ ಭಾಷೆಗೆ ಬಂದದ್ದು ಆಗಲೇ. ಮಲಾಕಿಯನಲ್ಲಿ ಹೆಸರೂ ಇಲ್ಲದ ಫರಿಸಾಯರು, ಸದ್ದುಕಾಯರು ಮತ್ತಾಯನ ಮೂರನೆಯ ಅಧ್ಯಾಯಕ್ಕೇ ಹಾಜರಾಗುತ್ತಾರಲ್ಲ, ಅವರೇನು ಆಕಾಶದಿಂದ ಉದುರಿದರೇ?

ಹಳೆಯ ಪಂಡಿತರ ಜಗಳಗಳೆಂದರೆ ನನಗೆಷ್ಟು ಚಪಲವೆಂಬುದು ನಿಮಗೆಲ್ಲ ಗೊತ್ತು. ಇದೇ ಪ್ರಶ್ನೆಯ ಸುತ್ತ 1604-05ರಲ್ಲಿ ಯುರೋಪಿನಲ್ಲಿ ದೊಡ್ಡ ಕಾಳಗವೇ ನಡೆಯಿತು. ಫರಿಸಾಯರು, ಸದ್ದುಕಾಯರು, ಎಸ್ಸೇನರು ಎಂಬ ಮೂರು ಯೆಹೂದ್ಯ ಪಂಥಗಳ ಬಗ್ಗೆ ಕ್ಯಾಥೊಲಿಕ್ ಚರ್ಚಿನ ಜೆಸ್ವಿಟ್ ಸಂಘದ ಪಂಡಿತ ಸೆರಾರಿಯಸ್ ಒಂದು ಗ್ರಂಥ ಬರೆದರೆ, ಪ್ರಾಟೆಸ್ಟಂಟ್ ಹೀಬ್ರೂ ವಿದ್ವಾಂಸ ಡ್ರೂಸಿಯಸ್ ಇನ್ನೊಂದನ್ನು ಬರೆದನು. ಲೈಡನ್‌ನಲ್ಲಿದ್ದ ಪ್ರಾಟೆಸ್ಟಂಟ್ ವಿದ್ವಾಂಸ ಜೋಸೆಫ್ ಸ್ಕಾಲಿಗರ್ ಸೆರಾರಿಯಸ್‌ನ ಮೇಲೆ ಹರಿಹಾಯ್ದನು. ಜಗಳದ ಒಂದು ಗಂಟು ಇದು: ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಏಳನೆಯ ದಿನವನ್ನು ಪವಿತ್ರವೆಂದು ಆಚರಿಸುತ್ತ, ಮೋಶೆಯ ಶಾಸ್ತ್ರವನ್ನು ಧ್ಯಾನಿಸುತ್ತ ಬಾಳುತ್ತಿದ್ದ ವಿರಕ್ತರನ್ನು ಒಂದನೆಯ ಶತಮಾನದ ಯೆಹೂದ್ಯ ತತ್ತ್ವಜ್ಞಾನಿ ಫಿಲೋ ವರ್ಣಿಸಿದ್ದಾನೆ. ಅವರು ಕ್ರೈಸ್ತರೇ ಎಂದು ನಾಲ್ಕನೆಯ ಶತಮಾನದ ಚರ್ಚಿನ ಇತಿಹಾಸಕಾರ ಯೂಸೇಬಿಯಸ್ ಹೇಳಿದ್ದನ್ನು ಕ್ಯಾಥೊಲಿಕ್ ಪಂಡಿತರು ಬಿಗಿಯಾಗಿ ಹಿಡಿದುಕೊಂಡಿದ್ದರು, ಏಕೆಂದರೆ ಅದು ನಿಜವಾದರೆ ಸನ್ಯಾಸ ಪದ್ಧತಿಗೆ ಅಪೊಸ್ತಲರ ಕಾಲದ ಮುದ್ರೆ ಬೀಳುತ್ತಿತ್ತು. ಆ ವಿರಕ್ತರು ಯೆಹೂದ್ಯರು, ಕ್ರೈಸ್ತರಲ್ಲ ಎಂದು ಸ್ಕಾಲಿಗರ್ 1583ರಿಂದಲೇ ಪಟ್ಟು ಹಿಡಿದಿದ್ದನು. ತಾನು ವೆರೋನಾದ ಅರಸರ ವಂಶದವನೆಂದು ಮೀಸೆ ತಿರುವುತ್ತಿದ್ದ ಅಹಂಕಾರಿ ಅವನು. ಆದರೂ ವಿನಯವಂತರಿಗಿಂತ ಇಂಥ ಜಗಳಗಂಟರೇ ನನಗೆ ಹೆಚ್ಚು ಇಷ್ಟ, ಏನು ಮಾಡಲಿ!

ಈ ಪಂಡಿತರಿಗೆಲ್ಲ ಬೇಕಿದ್ದುದು ಯೆಹೂದ್ಯರಲ್ಲ, ಪರಸ್ಪರರ ಚರ್ಚುಗಳನ್ನು ಹೊಡೆಯಲು ಕಲ್ಲುಗಳು ಎಂದು ಕೆಲವರು ಆಕ್ಷೇಪಿಸುತ್ತಾರೆ. ಸರಿಯೇ, ಆದರೆ ಎದುರಾಳಿ ಬಿಡುವುದಿಲ್ಲವೆಂಬ ಭಯದಿಂದಲೇ ಅವರು ಯೆಹೂದ್ಯ ಇತಿಹಾಸಕಾರ ಜೋಸೇಫಸ್‌ನನ್ನೂ ಫಿಲೋನನ್ನೂ ಸಾಲು ಸಾಲಾಗಿ ಓದಿದರು. ನಮ್ಮ ಬೋಧಕರಿಗೆ ಆ ಭಯವೂ ಇಲ್ಲ, ಓದೂ ಇಲ್ಲ. ಕಾಯಿಲೆಯಿಂದಾಗಿ ಪ್ರಸಂಗ ಮಾಡಲಾಗದೆ ಹೋದ ನಾರ್ವಿಚ್‌ನ ಡೀನ್ ಹಂಫ್ರಿ ಪ್ರಿಡೋ ಕೂಡ ಎರಡು ಒಡಂಬಡಿಕೆಗಳ ನಡುವಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ವಿಸ್ತಾರವಾಗಿ ಬರೆದಿಟ್ಟನು.

ನನ್ನ ಸಿಟ್ಟಿಗೆ ಇನ್ನೂ ಒಂದು ಕಾರಣವಿದೆ. ಆ ಕಾಲದ ಚರಿತ್ರೆಯನ್ನು ಕೆದಕಿದ್ದಕ್ಕೆ ನಿಜವಾಗಿ ಬೆಲೆ ತೆತ್ತವನು ಕ್ರೈಸ್ತನಲ್ಲ, ಇಟಲಿಯ ಯೆಹೂದ್ಯ ಅಜರಿಯ ದೆ ರೊಸ್ಸಿ. 1570ರ ಫೆರಾರಾ ಭೂಕಂಪದಲ್ಲಿ ಮನೆ ಬಿಟ್ಟು ಊರ ಹೊರಗೆ ಆಶ್ರಯ ಪಡೆದಿದ್ದಾಗ, ಗ್ರೀಕ್ ಅನುವಾದದ ಕಥೆ ಹೇಳುವ ಅರಿಸ್ತೇಯನ ಪತ್ರದ ಬಗ್ಗೆ ಕ್ರೈಸ್ತ ವಿದ್ವಾಂಸನೊಬ್ಬ ಕೇಳಿದ್ದೇ ನೆಪವಾಗಿ, ಅದನ್ನು ಹೀಬ್ರೂ ಭಾಷೆಗೆ ತಂದನು. ತನ್ನವರು ಮರೆತಿದ್ದ ಫಿಲೋನನ್ನು ಅವರೆದುರು ಮತ್ತೆ ತಂದು ನಿಲ್ಲಿಸಿದನು. ಯೆರೂಸಲೇಮಿನ ಎರಡನೆಯ ದೇವಾಲಯದ ಕಾಲದಲ್ಲಿ ಪರ್ಷಿಯನ್ ಆಳ್ವಿಕೆ 34 ವರ್ಷ ಮಾತ್ರ ನಡೆಯಿತೆಂಬ ರಬ್ಬಿಗಳ ಲೆಕ್ಕ ಇತರ ಚರಿತ್ರೆಗಳಿಗೆ ಹೊಂದುವುದಿಲ್ಲವೆಂದು ಬರೆಯುವುದಕ್ಕೆ ಎಷ್ಟು ಗುಂಡಿಗೆ ಬೇಕಿತ್ತೆಂಬುದನ್ನು ಊಹಿಸಿಕೊಳ್ಳಿ. ಇದನ್ನೆಲ್ಲ ಬರೆದ ಅವನ ಗ್ರಂಥವನ್ನು ಅನುಮತಿಯಿಲ್ಲದೆ ಓದಬಾರದೆಂದು ಇಟಲಿಯ ರಬ್ಬಿಗಳು ಆಜ್ಞೆ ಹೊರಡಿಸಿದರು. ಸ್ಕಾಲಿಗರ್‌ಗೆ ಯಾವ ರಬ್ಬಿಯ ಅನುಮತಿಯೂ ಬೇಕಿರಲಿಲ್ಲ. ಅವನು ಅದನ್ನು ಓದಿ ಧಾರಾಳವಾಗಿ ಬಳಸಿಕೊಂಡನು.