ನಮ್ಮ ಮೋರಿ, ಅವರ ಮೋರಿ

ಹೋದ ಭಾನುವಾರ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ, ಮನೆ ಹತ್ತಿರದ ಎಂಷರ್ ಹೊಳೆ ದಡದಲ್ಲಿ ಒಂದು ಮಿಂಚುಳ್ಳಿ ಕಂಡಿತು. ಫೋಟೋ ತೆಗೆದು ಮನೆ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಕ್ಕ ಬರೆದಳು: "ಚೆನ್ನಾಗಿದೆ ಕಣೋ. ಇಲ್ಲಿ ಮಳೆ ಬಂದು ನಮ್ಮ ಮೋರಿ ನೊರೆ ಉಗುಳ್ತಿದೆ, ಕಿಟಕಿ ಹಾಕ್ಕೊಂಡು ಕೂತಿದ್ದೀವಿ." ನಗು ಬಂತು. ಆಮೇಲೆ ಯಾಕೋ ಚುಚ್ಚಿತು.

ನಾನು ಕೆಂಗೇರಿಯವನು. ವೃಷಭಾವತಿ ಅನ್ನೋ ನದಿ ಇದೆ ಅಂತ ಗೊತ್ತಾಗಿದ್ದೇ ಹೈಸ್ಕೂಲಿನಲ್ಲಿ. ಅಲ್ಲಿಯವರೆಗೆ ಅದು ಕೆಂಗೇರಿ ಮೋರಿ, ಅಷ್ಟೆ. ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡರೆ ಇಳಿಯೋ ಸ್ಟಾಪ್ ಬಂತು ಅಂತ ಲೆಕ್ಕ. ಅಪ್ಪ ಈಜು ಕಲಿತದ್ದು ಅದೇ ನೀರಿನಲ್ಲಂತೆ. ನಾವು ಯಾರೂ ನಂಬುತ್ತಿರಲಿಲ್ಲ.

ಇಲ್ಲಿನವರ ಹೊಳೆ ಮೊದಲಿಂದಲೂ ಹೀಗೇ ಇತ್ತು ಅಂದುಕೊಂಡಿದ್ದೆ. ಪಕ್ಕದ ಮನೆಯ ತಾತ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು, ಕೇಳಿ ಜೋರಾಗಿ ನಕ್ಕರು. ಅವರು ಹುಡುಗರಾಗಿದ್ದಾಗ ಇಂಥ ಹೊಳೆಗೆ 'ಕೊಟೆಲ್‌ಬೆಕೆ' ಅನ್ನುತ್ತಿದ್ದರಂತೆ. ನಮ್ಮ ಮಾತಲ್ಲಿ ಹೇಳಬೇಕಂದ್ರೆ ಹೇಲಿನ ಹಳ್ಳ! ಈ ಸೀಮೆಯವರು ರೂರ್ ನದಿಯನ್ನು ಕುಡಿಯೋ ನೀರಿಗೆ ಇಟ್ಟುಕೊಂಡು, ಎಂಷರ್ ಅನ್ನು ಕೊಳಚೆಗೆ ಬಿಟ್ಟುಕೊಟ್ಟಿದ್ದರು. ಕಲ್ಲಿದ್ದಲಿಗೆ ಅಗೆದು ಅಗೆದು ನೆಲ ಕುಸಿಯುತ್ತಿತ್ತು, ಒಳಗೆ ಪೈಪ್ ಹೂತರೆ ಒಡೆದುಹೋಗುತ್ತಿತ್ತು, ಹಾಗಾಗಿ ಹೊಳೆಯನ್ನೇ ನೆಟ್ಟಗೆ ಮಾಡಿ, ಕಾಂಕ್ರೀಟ್ ಹಾಸಿ, ತೆರೆದ ಚರಂಡಿ ಮಾಡಿಬಿಟ್ಟರು. ಗಣಿಗಳು ಒಂದೊಂದಾಗಿ ಮುಚ್ಚುತ್ತಾ ಬಂದ ಮೇಲೆ, 1992ರಲ್ಲಿ, ರಿಪೇರಿ ಶುರು. ಕೊಳಚೆಗೆ ಅಂತಲೇ ನೆಲದಡಿ 51 ಕಿಲೋಮೀಟರ್ ದೊಡ್ಡ ಕೊಳವೆ, ಒಟ್ಟು ಖರ್ಚು 500 ಕೋಟಿ ಯೂರೋಗೂ ಜಾಸ್ತಿ. 2021ರ ಕೊನೆಗೆ ಹೊಳೆಗೆ ಕೊಳಚೆ ಬೀಳೋದು ನಿಂತಿತು.

ಸುಮಾರು 30 ವರ್ಷ! ನಮ್ಮಲ್ಲಿ ಇಂಥ ಕೆಲಸಕ್ಕೆ ಯಾರು ಕೈ ಹಾಕುತ್ತಾರೆ ಹೇಳಿ, ಮುಂದಿನ ಎಲೆಕ್ಷನ್ ಒಳಗೆ ಟೇಪು ಕತ್ತರಿಸೋಕೆ ಆಗಲ್ಲವಲ್ಲ. ವೃಷಭಾವತಿ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅಂತ ಕೈ ಮುಗಿಯುತ್ತೇವೆ, ಪರಿಷೆಯಲ್ಲಿ ಕಡಲೆಕಾಯಿ ತಿನ್ನುತ್ತೇವೆ, ಗಾಳಿ ಆಂಜನೇಯನ ಹತ್ತಿರ ಬರೋ ಹೊತ್ತಿಗೆ ಕರ್ಚೀಫು ತೆಗೆಯುತ್ತೇವೆ. ಪೀಣ್ಯದ ಶೆಡ್ಡುಗಳ ನೀರೂ ಅವಳಿಗೇ, ನಮ್ಮ ಬಚ್ಚಲ ನೀರೂ ಅವಳಿಗೇ.

ಇದನ್ನೆಲ್ಲ ಫೋನಲ್ಲಿ ಹೇಳಿದರೆ ಅಕ್ಕ ರೇಗಿದಳು. "ಸಾಕು ನಿಲ್ಸೋ ಪುರಾಣ. ಅವರ ಹೊಗೆ ಎಲ್ಲಿಗೆ ಹೋಯ್ತು ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ತಾತನ ಕಾರ್ಖಾನೆ 2001ರಲ್ಲಿ ಮುಚ್ಚಿತು. ಚೀನಾದಿಂದ ಕೆಲಸಗಾರರು ಬಂದು ಅದನ್ನು ಬಿಚ್ಚಿ, ಹಡಗಿಗೆ ಹೇರಿಕೊಂಡು ಹೋದರು. ಹಾಗಾದರೆ ಹೊಗೆಯೂ ಅದರ ಜೊತೆಗೇ ಹೋಯಿತು ಅನ್ನಬೇಕು. ಇನ್ನೊಂದು ಮಾತೂ ಒಪ್ಪಲೇಬೇಕು: ಬೆಂಗಳೂರು ದಿಣ್ಣೆ ಮೇಲಿನ ಊರು, ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಹತ್ತಿಸಬೇಕು. ನಾವು ಬಳಸಿ ಬಿಟ್ಟ ಆ ನೀರೇ ಕೊಳಚೆಯಾಗಿ ಹರಿಯೋದು; ಅದನ್ನು ಪೂರ್ತಿ ನಿಲ್ಲಿಸಿದರೆ ಬೇಸಿಗೆಯಲ್ಲಿ ವೃಷಭಾವತಿಯಲ್ಲಿ ಹರಿಯೋಕೆ ಉಳಿಯೋದಾದರೂ ಏನು?

ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಫೀನಿಕ್ಸ್ ಕೆರೆ, ಸುತ್ತ ದುಬಾರಿ ಮನೆಗಳು. ಅಲ್ಲಿನ ಕಾಫಿ ಬೆಲೆ ನೋಡಿ ತಾತ ಮನೆಯಿಂದಲೇ ಫ್ಲಾಸ್ಕ್ ತರುತ್ತಾರೆ. ಬೆಂಚಿನ ಮೇಲೆ ಕೂತು, ತಾವು ನಿಂತು ಕೆಲಸ ಮಾಡುತ್ತಿದ್ದ ಜಾಗ ಎಲ್ಲಿತ್ತು ಅಂತ ನೀರಿನ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಬಾತುಕೋಳಿಗಳು ತೇಲುತ್ತಿರುತ್ತವೆ.