ಡೋಪಮಿನ್ ಕಥೆ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ

"ಮೆದುಳಲ್ಲಿ ಕೆಮಿಕಲ್ ಹೆಚ್ಚುಕಮ್ಮಿ ಆಗಿದೆ, ಅಷ್ಟೇ." ಅಣ್ಣನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ ಅಂತ ಗೊತ್ತಾದ ದಿನ ಡಾಕ್ಟರ್ ಹೇಳಿದ್ದು ಇಷ್ಟು. ಅಮ್ಮ ಅತ್ತುಬಿಟ್ಟಳು. ತಾನು ಬೆಳೆಸಿದ್ದರಲ್ಲೇ ಏನೋ ತಪ್ಪಾಗಿದೆ ಎಂದು ತಿಂಗಳುಗಟ್ಟಲೆ ಕೊರಗಿದ್ದಳು. ಅವಳ ಎದೆಯ ಭಾರ ಇಳಿಸಿದ ಆ ಮಾತಿಗೆ ನಾನು ಇವತ್ತಿಗೂ ಋಣಿ. ಆದರೆ ಕೊನೆಯ ಆ "ಅಷ್ಟೇ" ಇದೆಯಲ್ಲ, ಅದನ್ನು ಒಪ್ಪಲು ನನಗೆ ಆಗುತ್ತಿಲ್ಲ.

ಆಗೆಲ್ಲ ಟಿವಿಯಲ್ಲಿ ವಾರ್ತೆ ಓದುವವರು ಕನ್ನಡಕ ಸರಿಮಾಡಿಕೊಂಡರೂ ಅಣ್ಣ ಬೆಚ್ಚಿಬೀಳುತ್ತಿದ್ದ. "ನೋಡಿದ್ಯಾ? ನನಗೇ ಸನ್ನೆ ಮಾಡಿದ್ದು" ಅನ್ನುತ್ತಿದ್ದ. ಡಾಕ್ಟರ್ ಹೇಳಿದ ಆ ಕೆಮಿಕಲ್, ಅಂದರೆ ಡೋಪಮಿನ್, ಇದನ್ನು ಚೆನ್ನಾಗಿಯೇ ವಿವರಿಸುತ್ತದೆ. "ಇದು ಮುಖ್ಯ, ಇತ್ತ ನೋಡು" ಎಂದು ಮೆದುಳು ಗುರುತು ಹಾಕುವುದರಲ್ಲಿ ಅದರ ಪಾತ್ರ ದೊಡ್ಡದು. ಅದು ಹೊತ್ತುಗೊತ್ತಿಲ್ಲದೆ ಚಿಮ್ಮಿದರೆ ಕನ್ನಡಕವೂ ಸಂದೇಶ ಆಗುತ್ತದೆ. ಮನಸ್ಸು ಅದಕ್ಕೊಂದು ಕಾರಣ ಹುಡುಕುತ್ತದೆ. ಭ್ರಮೆ ಕಟ್ಟಿಕೊಳ್ಳುವುದು ಹೀಗೆ ಅನ್ನುವ ವಿವರಣೆ ನನಗೆ ನಿಜ ಅನ್ನಿಸುತ್ತದೆ, ಕಣ್ಣಾರೆ ಕಂಡಿದ್ದೇನೆ.

ಆದರೆ ಈ ಡೋಪಮಿನ್ ವಾದ ಹುಟ್ಟಿದ್ದು ರೋಗದ ಬೇರು ಹುಡುಕಿ ಅಲ್ಲ, ಮಾತ್ರೆಯಿಂದ ಹಿಂದಕ್ಕೆ ಹೋಗಿ. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿ ಕೊಟ್ಟಾಗ ಇಂಥ ರೋಗಿಗಳು ಶಾಂತರಾದರು. ಯಾಕೆ ಅಂತ ಆಗ ಗೊತ್ತಿರಲಿಲ್ಲ. 1970ರ ದಶಕದಲ್ಲಿ ಇಂಥ ಔಷಧಿಗಳು ಡೋಪಮಿನ್‌ನ ಸಂದೇಶ ಹಿಡಿಯುವ, ನರಕೋಶದ ಮೇಲಿನ ಡಿ2 ರಿಸೆಪ್ಟರ್‌ಗೆ ಎಷ್ಟು ಗಟ್ಟಿಯಾಗಿ ಅಂಟುತ್ತವೋ ಅಷ್ಟು ಕಡಿಮೆ ಡೋಸ್ ಸಾಕು ಎಂದು ತಿಳಿಯಿತು. ದೊಡ್ಡ ಸುಳಿವೇ. ಆದರೂ ಮಾತ್ರೆ ಕೆಲಸ ಮಾಡುವ ಜಾಗವೇ ಕಾಯಿಲೆ ಹುಟ್ಟಿದ ಜಾಗ ಆಗಬೇಕಿಲ್ಲ ಅಲ್ವಾ?

ಡೋಪಮಿನ್ ಒಂದೇ ಅಲ್ಲ ಅನ್ನಿಸಲು ಕಾರಣಗಳಿವೆ. ಮಾತ್ರೆ ಕೆಲವೇ ಗಂಟೆಗಳಲ್ಲಿ ರಿಸೆಪ್ಟರ್ ಮುಚ್ಚುತ್ತದೆ, ಅಣ್ಣ ಪೂರ್ತಿ ಚೇತರಿಸಿಕೊಳ್ಳಲು ವಾರಗಳೇ ಬೇಕಾದವು. ಬೇರೆ ಮಾತ್ರೆಗಳಿಗೆ ಜಗ್ಗದವರಿಗೆ ಕೊಡುವ ಕ್ಲೊಜಪಿನ್ ಡಿ2ಗೆ ಅಂಟುವುದು ಸಡಿಲವಾಗಿ. ಮೆದುಳಿನ ಇನ್ನೊಂದು ಕೆಮಿಕಲ್ ಗ್ಲುಟಮೇಟ್‌ಗೆ ಅಡ್ಡ ಬರುವ ಕೆಟಮಿನ್ ಎಂಬ ಅರಿವಳಿಕೆ ಔಷಧಿ, ಆರೋಗ್ಯವಂತರಲ್ಲೂ ಸ್ವಲ್ಪ ಹೊತ್ತು ಇಂಥದೇ ಲಕ್ಷಣ ತರಬಲ್ಲದು. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಝನೊಮೆಲಿನ್-ಟ್ರೋಸ್ಪಿಯಮ್ ಎಂಬ ಇದೇ ಕಾಯಿಲೆಯ ಮಾತ್ರೆ ಅಂತೂ ಡೋಪಮಿನ್ ರಿಸೆಪ್ಟರ್‌ಗೆ ಅಡ್ಡ ಬರುವುದೇ ಇಲ್ಲ.

ದಯವಿಟ್ಟು ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ. ಅಣ್ಣ ಒಮ್ಮೆ ಬಿಟ್ಟ, ಮೂರು ತಿಂಗಳಲ್ಲಿ ಎಲ್ಲ ಮರಳಿ ಬಂತು. ಮಾತ್ರೆಯೇ ಅವನನ್ನು ನಮಗೆ ವಾಪಸ್ ಕೊಟ್ಟಿದ್ದು.

ನನ್ನ ಸಂಕಟ ಬೇರೆ. ಈಗ ಅವನಿಗೆ ಸನ್ನೆಗಳು ಕಾಣುವುದಿಲ್ಲ. ಆದರೆ ಸ್ನಾನಕ್ಕೆ ಏಳಲೂ ಮನಸ್ಸು ಬರುವುದಿಲ್ಲ, ಗೆಳೆಯರು ಬಂದರೆ ಎರಡು ಮಾತಾಡುವುದಿಲ್ಲ. ಇದೂ ಕಾಯಿಲೆಯ ಭಾಗವೇ. ಡಿ2 ತಡೆಯುವ ಮಾತ್ರೆ ಇದನ್ನು ಹೆಚ್ಚೇನೂ ಸರಿಮಾಡುವುದಿಲ್ಲ. ನೋಡುವವರು ಮಾತ್ರ "ಕೆಮಿಕಲ್ ಸರಿಹೋಯ್ತಲ್ಲ, ಇನ್ನೂ ಯಾಕೆ ಸೋಮಾರಿತನ?" ಅಂತ ಅವನೆದುರಿಗೇ ಕೇಳುತ್ತಾರೆ. ಅವನು ತಲೆ ತಗ್ಗಿಸುತ್ತಾನೆ. ಆ ದಿನ ಡಾಕ್ಟರ್ "ಅಷ್ಟೇ" ಅನ್ನುವ ಬದಲು "ಇದು ಒಂದು ಭಾಗ" ಅಂದಿದ್ದರೆ, ಆ ಪ್ರಶ್ನೆ ಕೇಳಿದವರಿಗೆ ಅಮ್ಮನೇ ಉತ್ತರ ಕೊಡುತ್ತಿದ್ದಳು.