ಕಡ್ಡಾಯವಾಗಿ ಭರ್ತಿ ಮಾಡತಕ್ಕದ್ದು

ಮನೆಮಠ ಬಿಟ್ಟು ಓಡಿಬಂದವರ ಕುರಿತು ನಾನು ಬರೆದ ಪ್ರಬಂಧವೊಂದು ಕಳೆದ ಹದಿನಾಲ್ಕು ತಿಂಗಳುಗಳಿಂದ ತಾನೇ ಮನೆಮಠವಿಲ್ಲದೆ ಅಲೆಯುತ್ತಿದೆ. ಬಲವಂತದ ವಲಸೆಯನ್ನೇ ಅಧ್ಯಯನದ ವಿಷಯವಾಗಿಸಿಕೊಂಡ ಎರಡು ವಿದ್ವತ್ ಪತ್ರಿಕೆಗಳ ಬಾಗಿಲು ತಟ್ಟಿ, ಎರಡೂ ಕಡೆ ಅತ್ಯಂತ ವಿನಯಪೂರ್ವಕವಾದ ಪತ್ರದೊಡನೆ ಹೊರದಬ್ಬಿಸಿಕೊಂಡು, ಈಗ ಅದು ಮೂರನೆಯ ಪತ್ರಿಕೆಯ ಜಗಲಿಯ ಮೇಲೆ "ಪರಿಶೀಲನೆಯಲ್ಲಿದೆ" ಎಂಬ ಫಲಕದ ಕೆಳಗೆ ಗಂಟುಮೂಟೆ ಇಟ್ಟುಕೊಂಡು ಕುಳಿತಿದೆ. ಮೊದಮೊದಲು ನನಗೆ ಸಿಟ್ಟು ಬಂದದ್ದುಂಟು. ಆಮೇಲೆ ಹೊಳೆಯಿತು: ಈ ಪತ್ರಿಕೆಗಳು ತಮ್ಮ ವಿಷಯಕ್ಕೆ ಎಷ್ಟು ನಿಷ್ಠವಾಗಿವೆಯೆಂದರೆ, ಗಡಿಯ ಬಗ್ಗೆ ಬರೆದ ಯಾವ ಬರಹವೂ ಗಡಿಯ ರುಚಿ ಕಾಣದೆ ಅಚ್ಚಾಗಕೂಡದೆಂಬ ವ್ರತವನ್ನೇ ಹಿಡಿದಿವೆ.

ಒಂದು ಪ್ರಬಂಧವನ್ನು ಒಂದು ಕಾಲಕ್ಕೆ ಒಂದೇ ಪತ್ರಿಕೆಗೆ ಸಲ್ಲಿಸಬೇಕೆಂಬುದು ಇಲ್ಲಿನ ಮೊದಲ ಕಟ್ಟಳೆ. ಯುರೋಪಿನ ದೇಶಗಳು 1990ರಲ್ಲಿ ಡಬ್ಲಿನ್ ನಗರದಲ್ಲಿ ಸಹಿ ಹಾಕಿದ ಒಪ್ಪಂದದ ತಿರುಳೂ ಹೆಚ್ಚು ಕಡಿಮೆ ಇದೇ. ಆಶ್ರಯ ಕೋರಿ ಬಂದವನ ಅರ್ಜಿಯನ್ನು ಒಂದೇ ಒಂದು ದೇಶ ವಿಚಾರಿಸತಕ್ಕದ್ದು, ಬಹುಪಾಲು ಸಂದರ್ಭಗಳಲ್ಲಿ ಅದು ಅವನು ಮೊದಲು ಕಾಲಿಟ್ಟ ದೇಶ, ಅಲ್ಲಿಂದ ಇನ್ನೊಂದಕ್ಕೆ ಹೋದರೆ ಹಿಡಿದು ಮೊದಲಿನದಕ್ಕೇ ವಾಪಸು ಅಟ್ಟಬಹುದು. ಈ ಏರ್ಪಾಡು ಎಷ್ಟು ಅನ್ಯಾಯದ್ದೆಂದು ತೋರಿಸುವ ಪ್ರಬಂಧಗಳನ್ನು ನಮ್ಮ ಕ್ಷೇತ್ರದ ಪತ್ರಿಕೆಗಳಿಂದ ಆಯ್ದು ಜೋಡಿಸಿದರೆ ಕಪಾಟೊಂದು ತುಂಬೀತು. ಅಷ್ಟೂ ಪ್ರಬಂಧಗಳ ಜೊತೆಗೆ, ಇದನ್ನು ಬೇರಾವ ಪತ್ರಿಕೆಗೂ ಸಲ್ಲಿಸಿಲ್ಲವೆಂದೂ ತೀರ್ಮಾನ ಬರುವವರೆಗೆ ಸಲ್ಲಿಸುವುದಿಲ್ಲವೆಂದೂ ಲೇಖಕರು ಬರೆದುಕೊಟ್ಟ ಮುಚ್ಚಳಿಕೆ ಹೋಗಿರುತ್ತದೆ.

ಮುಚ್ಚಳಿಕೆಯ ಹಿಂದೆಯೇ ಬೆರಳಚ್ಚು. ಯುರೋಪಿನಲ್ಲಿ 2003ರಿಂದ ಯೂರೋಡ್ಯಾಕ್ ಎಂಬ ಬೆರಳಚ್ಚಿನ ಭಂಡಾರವಿದ್ದು, ಅರ್ಜಿದಾರ ಈ ಮೊದಲು ಬೇರೆಲ್ಲಿ ಬಾಗಿಲು ತಟ್ಟಿದ್ದಾನೆಂಬುದನ್ನು ಅದು ಕ್ಷಣಾರ್ಧದಲ್ಲಿ ಹೇಳುತ್ತದೆ. ಪತ್ರಿಕೆಗಳ ಬಳಿ ಇದೇ ಕೆಲಸಕ್ಕೆ ಈಗಾಗಲೇ ಪ್ರಕಟವಾದ ಬರಹಗಳೊಡನೆ ಹೋಲಿಕೆ ಪತ್ತೆ ಮಾಡುವ ಸಾಫ್ಟ್‌ವೇರ್ ಇದೆ. ನನ್ನ ಪ್ರಬಂಧದಲ್ಲಿ ಶೇಕಡಾ 23ರಷ್ಟು ಹೋಲಿಕೆ ಸಿಕ್ಕಿತೆಂದು ತಿಳಿಸಲಾಯಿತು. ಎದೆ ಧಸಕ್ಕೆಂದಿತಾದರೂ ವರದಿ ತೆರೆದು ನೋಡಿದರೆ, ಕೆಂಪಾಗಿದ್ದ ಭಾಗದಲ್ಲಿ ದೊಡ್ಡದು 1951ರ ನಿರಾಶ್ರಿತರ ಒಡಂಬಡಿಕೆಯ ವ್ಯಾಖ್ಯಾನವೇ ಆಗಿತ್ತು: ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೆ ಒಳಗಾಗುವ "ಸಕಾರಣ ಭೀತಿ"ಯಿಂದ ತನ್ನ ದೇಶದ ಹೊರಗಿರುವ ವ್ಯಕ್ತಿ. ಈ ಸಾಲುಗಳ ಒಂದೊಂದು ಪದದ ಮೇಲೂ ನ್ಯಾಯಾಲಯಗಳು ದಶಕಗಳಿಂದ ಜಗ್ಗಾಡುತ್ತಿದ್ದರೂ, ಅವನ್ನು ನನ್ನದೇ ಮಾತುಗಳಲ್ಲಿ ಹೇಳಬೇಕೆಂದು ಪತ್ರಿಕೆಯ ಕಚೇರಿಯಿಂದ ಸೂಚನೆ ಬಂತು. ನಾನು ವಿಧೇಯನಾಗಿ "ಸಕಾರಣ ಭೀತಿ"ಯನ್ನು "ನ್ಯಾಯವಾದ ಹೆದರಿಕೆ" ಎಂದು ತಿದ್ದಿದೆ. ಸಾಫ್ಟ್‌ವೇರ್ ತೃಪ್ತವಾಯಿತು. ಎರಡು ತಿಂಗಳ ತರುವಾಯ, ಪ್ರಬಂಧದ ಗುಣದೋಷ ಹೇಳಲು ಪತ್ರಿಕೆ ನೇಮಿಸಿದ ವಿದ್ವಾಂಸರಲ್ಲಿ ಮೊದಲನೆಯವರ, ಎಂದರೆ ಮೊದಲ ಪರಿಶೀಲಕರ, ಅಭಿಪ್ರಾಯ ಬಂದಾಗ ಅದರ ಮೊದಲ ವಾಕ್ಯ, ಲೇಖಕರಿಗೆ 1951ರ ವ್ಯಾಖ್ಯಾನದ ಪರಿಚಯವೇ ಇದ್ದಂತಿಲ್ಲ, ಎಂದಾಗಿತ್ತು.

ಇಷ್ಟಾದರೂ ನಾನು ಒಳಗೆ ಕಾಲಿಟ್ಟವನು. ನನ್ನ ಸಹಲೇಖಕರು ಗೇಟು ದಾಟಲಿಲ್ಲ. ಪ್ರಬಂಧದಲ್ಲಿರುವ ಸಂದರ್ಶನಗಳ ಮುಕ್ಕಾಲು ಪಾಲನ್ನು ನಡೆಸಿದವರು ಅವರು. ಪ್ರಬಂಧ ಯಾವ ಶಿಬಿರದ ಬಗ್ಗೆ ಮಾತನಾಡುತ್ತದೋ ಆ ಶಿಬಿರದಲ್ಲಿ ಹನ್ನೊಂದು ವರ್ಷಗಳಿಂದ ಬದುಕಿರುವವರು. ಸಲ್ಲಿಕೆಯ ಪರದೆಯಲ್ಲಿ ಅವರ ಹೆಸರು ತುಂಬಿದ ಬಳಿಕ "ದೇಶ" ಎಂಬ ಅಂಕಣದ ಪಕ್ಕದಲ್ಲಿ ಕೆಂಪು ನಕ್ಷತ್ರ ಮಿನುಗಿತು. ಒತ್ತಿದರೆ ಪಟ್ಟಿ ಇಳಿಯಿತು. ಪೆಂಗ್ವಿನ್‌ಗಳಿಗೆಂದೇ ಇರುವ ದ್ವೀಪಗಳ ಹೆಸರೂ ಅದರಲ್ಲಿತ್ತು, "ಯಾವುದೂ ಇಲ್ಲ" ಎಂಬುದೊಂದು ಇರಲಿಲ್ಲ. ಅದರ ಕೆಳಗೆ "ಸಂಸ್ಥೆ", ಅದಕ್ಕೂ ಕೆಂಪು ನಕ್ಷತ್ರ. ಶಿಬಿರದ ಹೆಸರನ್ನು ಬೆರಳಚ್ಚಿಸಿದೆ. ಇಂಥ ಸಂಸ್ಥೆ ನಮ್ಮ ದಾಖಲೆಯಲ್ಲಿಲ್ಲ, ನಿಮ್ಮ ಉದ್ದೇಶ ಇದಾಗಿತ್ತೇ ಎಂದು ಯಂತ್ರವು ಮೂರು ವಿಶ್ವವಿದ್ಯಾಲಯಗಳನ್ನು ಮುಂದಿಟ್ಟಿತು. ಮೂರನೆಯದು "ಸಾಂಸ್ಥಿಕ ಇ-ಮೇಲ್ ವಿಳಾಸ". ಇಷ್ಟು ಹೊತ್ತಿಗೆ ಇಪ್ಪತ್ತು ನಿಮಿಷ ಮೀರಿದ್ದರಿಂದ, ನಿಮ್ಮ ಅವಧಿ ಮುಗಿದಿದೆ, ದಯವಿಟ್ಟು ಮತ್ತೆ ಮೊದಲಿನಿಂದ ಆರಂಭಿಸಿ, ಎಂಬ ಸಂದೇಶ ಬಂತು. ಈ ವಾಕ್ಯವನ್ನು ನನ್ನ ಸಹಲೇಖಕರು ಜೀವನದಲ್ಲಿ ಅದೆಷ್ಟು ಕಿಟಕಿಗಳ ಮುಂದೆ ಕೇಳಿದ್ದರೋ, ಬಿದ್ದು ಬಿದ್ದು ನಕ್ಕರು.

ಸಂಪಾದಕರ ಕಚೇರಿಗೆ ಬರೆದು ಕೇಳಿದಾಗ ಅವರು ಸಹಾನುಭೂತಿಯಿಂದಲೇ ಒಂದು ದಾರಿ ತೋರಿಸಿದರು. ಸಹಲೇಖಕರ ಹೆಸರನ್ನು ಕೃತಜ್ಞತೆಯ ಭಾಗಕ್ಕೆ ವರ್ಗಾಯಿಸಬಹುದು, "ಕ್ಷೇತ್ರಕಾರ್ಯದಲ್ಲಿ ನೆರವಾದ ಸ್ಥಳೀಯರು" ಎಂಬ ಒಕ್ಕಣೆ ಸೂಕ್ತವಾದೀತು. ಸ್ಥಳೀಯ ಎಂದು ಕರೆಸಿಕೊಳ್ಳುವುದಕ್ಕಾಗಿ ಆ ಮನುಷ್ಯ ಹನ್ನೊಂದು ವರ್ಷಗಳಿಂದ ಸರ್ಕಾರವೊಂದಕ್ಕೆ ಅರ್ಜಿ ಹಾಕುತ್ತಲೇ ಇದ್ದಾರೆ; ವಿದ್ವತ್ ಪತ್ರಿಕೆಯ ಗುಮಾಸ್ತರೊಬ್ಬರು ಒಂದೇ ಮಿಂಚಂಚೆಯಲ್ಲಿ ಅದನ್ನು ಮಂಜೂರು ಮಾಡಿಬಿಟ್ಟರು. ಆದರೆ ಈ ಪೌರತ್ವವೂ ಬಹಳ ದಿನ ಬಾಳಲಿಲ್ಲ. ಪರಿಶೀಲನೆ ಇಬ್ಬದಿಯಲ್ಲೂ ಅನಾಮಿಕವಾಗಿ ನಡೆಯಬೇಕಾದ್ದರಿಂದ, ಲೇಖಕರು ಯಾರೆಂದು ಸುಳಿವು ಕೊಡಬಹುದಾದ ಕೃತಜ್ಞತೆಯ ಭಾಗವನ್ನು ಇಡಿಯಾಗಿ ತೆಗೆಯಬೇಕೆಂದು ಮರುವಾರ ಸೂಚನೆ ಬಂತು. ಗುರುತಿನ ಕಾಗದ ಇಲ್ಲವೆಂದು ಗಡಿಯಲ್ಲಿ ಮನುಷ್ಯರನ್ನು ನಿಲ್ಲಿಸುತ್ತಾರೆ. ಗುರುತು ಉಳಿದಿದೆಯೆಂದು ಇಲ್ಲಿ ಪ್ರಬಂಧವನ್ನು ನಿಲ್ಲಿಸಿದರು.

ದೇಶ ಕಳೆದುಕೊಂಡ ರಷ್ಯನ್ನರಿಗಾಗಿ 1922ರಲ್ಲಿ, ರಾಷ್ಟ್ರಸಂಘದ ನಿರಾಶ್ರಿತರ ಹೈಕಮಿಷನರ್ ಆಗಿದ್ದ ಫ್ರಿಟ್‌ಯೋಫ್ ನಾನ್ಸೆನ್ ಅವರು ಒಂದು ಪಾಸ್‌ಪೋರ್ಟ್ ಮಾಡಿಸಿದ್ದರು. ಸಂಗೀತಕಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್ ಅದನ್ನೇ ಹಿಡಿದು ಓಡಾಡಿದವರು. ಸಂಶೋಧಕರಿಗೂ 2012ರಿಂದ ಆರ್ಕಿಡ್ ಎಂಬ ಹದಿನಾರು ಅಂಕಿಗಳ ಗುರುತುಸಂಖ್ಯೆ ಸಿಗುತ್ತದೆ, ಬಿಟ್ಟಿಯಾಗಿ, ಸಂಸ್ಥೆಯ ಹಂಗಿಲ್ಲದೆ. ನನ್ನ ಸಹಲೇಖಕರ ಬಳಿ ಈಗ ಅದಿದೆ. ಜಗತ್ತಿನ ಯಾವುದೇ ಸಂಖ್ಯಾಪಟ್ಟಿಯಲ್ಲಿ ಪಡಿತರದ ಕಾರಣವಿಲ್ಲದೆ ತಮ್ಮ ಹೆಸರು ದಾಖಲಾದದ್ದು ಇದೇ ಮೊದಲೆಂದು ಅವರು ಹೇಳಿದರು.

ಕಾಯುವಿಕೆಯ ವಿಷಯಕ್ಕೆ ಬಂದರೆ, ಪರಿಶೀಲಕರಿಗೆ ಮೂರು ವಾರಗಳ ಗಡುವು ಕೊಡಲಾಗಿದೆಯೆಂದು ನನಗೆ ತಿಳಿಸಲಾಗಿತ್ತು. ವಿಶ್ವಸಂಸ್ಥೆಯು 1950ರ ಡಿಸೆಂಬರ್‌ನಲ್ಲಿ ನಿರಾಶ್ರಿತರ ಹೈಕಮಿಷನರ್ ಕಚೇರಿಯನ್ನು ಸ್ಥಾಪಿಸಿದಾಗ ಅದಕ್ಕೂ ಮೂರು ವರ್ಷಗಳಲ್ಲಿ ಕೆಲಸ ಮುಗಿಸಿ ಬಾಗಿಲು ಹಾಕಬೇಕೆಂಬ ಗಡುವಿತ್ತು. ಅದನ್ನು ಹಿಗ್ಗಿಸಿ ಹಿಗ್ಗಿಸಿ ಕೊನೆಗೆ 2003ರಲ್ಲಿ ಸಮಸ್ಯೆ ಬಗೆಹರಿಯುವವರೆಗೂ ಕಚೇರಿ ಇರಲೆಂದು ತೀರ್ಮಾನಿಸಲಾಯಿತು. ನನ್ನ ಪರಿಶೀಲಕರು ಇದೇ ಪರಂಪರೆಯವರು. ಈ ನಡುವೆ ಪ್ರಬಂಧ ಕದಲದಿದ್ದರೂ ಅದರೊಳಗಿನ ಅಂಕಿ ಕದಲುತ್ತಿತ್ತು. ಮೊದಲ ಸಲ ಸಲ್ಲಿಸುವಾಗ, ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 10.84 ಕೋಟಿ ಎಂಬ 2022ರ ಕೊನೆಯ ಲೆಕ್ಕವನ್ನು ಬರೆದಿದ್ದೆ. ತಿರಸ್ಕೃತವಾಗಿ ಎರಡನೆಯ ಪತ್ರಿಕೆಗೆ ಹೋಗುವಷ್ಟರಲ್ಲಿ ಅದು 11.73 ಕೋಟಿಯಾಗಿತ್ತು. ಮೂರನೆಯ ಪತ್ರಿಕೆಯ ಕಚೇರಿಯವರು, ದತ್ತಾಂಶ ಹಳೆಯದಾಗಿದೆ, ಪರಿಷ್ಕರಿಸಿ ಎಂದರು. 2024ರ ಕೊನೆಯ ಲೆಕ್ಕ 12.32 ಕೋಟಿ ಎಂದು ತಿದ್ದಿದೆ. ಪತ್ರಿಕೆಗಳು ಇನ್ನೊಂದಿಷ್ಟು ತಡ ಮಾಡಿದರೆ ನನ್ನ ಪೀಠಿಕೆಗೆ ಇನ್ನಷ್ಟು ತೂಕ ಬರುತ್ತದೆಂದು ಗುಣಾಕಾರ ಹಾಕುವ ಮಟ್ಟಕ್ಕೆ ನಾನು ಇಳಿದದ್ದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ಕ್ಷೇತ್ರದಲ್ಲಿ ಇದಕ್ಕೆ ವಿಷಯದ ಪ್ರಸ್ತುತತೆ ಎನ್ನುತ್ತಾರೆ.

ಪರಿಶೀಲನೆಯ ಪದ್ಧತಿಯ ಮೇಲೆ ಮುನಿಸಿಕೊಂಡ ನಿರಾಶ್ರಿತ ನಾನೇ ಮೊದಲಿಗನಲ್ಲ, ಅಂದರೆ ನನ್ನ ಪ್ರಬಂಧ. ನಾಜಿಗಳ ಜರ್ಮನಿಗೆ ಬೆನ್ನು ತಿರುಗಿಸಿ ಅಮೆರಿಕದಲ್ಲಿ ನೆಲೆ ಕಂಡಿದ್ದ ಐನ್‌ಸ್ಟೈನ್, 1936ರಲ್ಲಿ ನೇಥನ್ ರೋಸನ್ ಜೊತೆಗೂಡಿ ಗುರುತ್ವದ ಅಲೆಗಳನ್ನು ಕುರಿತ ಪ್ರಬಂಧವೊಂದನ್ನು ಫಿಸಿಕಲ್ ರಿವ್ಯೂ ಪತ್ರಿಕೆಗೆ ಕಳುಹಿಸಿದರು. ಸಂಪಾದಕರು ಅದನ್ನು ಪರಿಶೀಲಕರೊಬ್ಬರಿಗೆ ದಾಟಿಸಿದ್ದು ತಿಳಿದು ಕೆರಳಿ, ಅಚ್ಚಾಗುವ ಮುನ್ನ ಅನ್ಯರಿಗೆ ತೋರಿಸಲು ನಾವು ಅಪ್ಪಣೆ ಕೊಟ್ಟಿರಲಿಲ್ಲವೆಂದು ಬರೆದು ಪ್ರಬಂಧವನ್ನು ಹಿಂದಕ್ಕೆ ಪಡೆದು ಬೇರೆ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಪರಿಶೀಲಕರ ಆಕ್ಷೇಪಣೆಯೇ ಸರಿಯಾಗಿತ್ತು, ಅಚ್ಚಾಗುವ ಹೊತ್ತಿಗೆ ಐನ್‌ಸ್ಟೈನ್ ತಮ್ಮ ತೀರ್ಮಾನವನ್ನೇ ಬದಲಿಸಿಕೊಂಡಿದ್ದರು ಎಂಬ ಭಾಗವನ್ನು ನಾನು ಈ ಕತೆ ಹೇಳುವಾಗ ಸಾಮಾನ್ಯವಾಗಿ ಬಿಟ್ಟುಬಿಡುತ್ತೇನೆ.

ತಿರಸ್ಕಾರದ ಪತ್ರಗಳಲ್ಲಿಯೂ ಶಾಸ್ತ್ರಶುದ್ಧಿಯಿತ್ತು. ನಿರಾಶ್ರಿತರಿಗೆ ಮೂರು ಬಗೆಯ ಶಾಶ್ವತ ಪರಿಹಾರಗಳುಂಟೆಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ: ಸ್ವಇಚ್ಛೆಯಿಂದ ತಾಯ್ನಾಡಿಗೆ ಮರಳುವುದು, ಬಂದ ನೆಲದಲ್ಲೇ ಬೆರೆತುಹೋಗುವುದು, ಮೂರನೆಯ ದೇಶವೊಂದರಲ್ಲಿ ಪುನರ್ವಸತಿ ಪಡೆಯುವುದು. ಮೊದಲ ಪತ್ರಿಕೆ ನನ್ನ ಪ್ರಬಂಧವನ್ನು ತಾಯ್ನಾಡಿಗೆ, ಎಂದರೆ ನನ್ನ ಮೇಜಿಗೆ, ನಾಲ್ಕೇ ದಿನಗಳಲ್ಲಿ ಮರಳಿಸಿತು. ಎರಡನೆಯದು ಬೆರೆತುಹೋಗುವ ಅವಕಾಶ ನೀಡಿತು. ಶಿಬಿರ, ನೀರು, ಪಡಿತರ, ಕಾಯಿಲೆ ಇತ್ಯಾದಿ ವಿವರಗಳನ್ನು ತಗ್ಗಿಸಿ ಸಿದ್ಧಾಂತದ ಚೌಕಟ್ಟನ್ನು ಹಿಗ್ಗಿಸಿದರೆ ಮರುಪರಿಶೀಲಿಸಬಹುದೆಂದಿತು. ನಾನು ಹಿಗ್ಗಿಸಿದೆ. ಒಂದು ವಾಕ್ಯದಲ್ಲಿ ಐದು ಷಷ್ಠಿ ವಿಭಕ್ತಿಗಳು ಸಾಲಾಗಿ ನಿಲ್ಲುವಷ್ಟು ಹಿಗ್ಗಿಸಿದ ಮೇಲೆ, ಪ್ರಬಂಧದಲ್ಲಿ ಕ್ಷೇತ್ರದ ಅನುಭವ ತೆಳುವಾಗಿದೆಯೆಂದು ಅವರೂ ಕೈಚೆಲ್ಲಿ, ಅದೇ ಪ್ರಕಾಶಕರ ಇನ್ನೊಂದು ಪತ್ರಿಕೆಗೆ ಒಂದು ಗುಂಡಿ ಒತ್ತಿ ಸ್ಥಳಾಂತರಿಸುವ ಮೂರನೆಯ ಪರಿಹಾರವನ್ನು ಸೂಚಿಸಿದರು. ಜಗತ್ತಿನ ನಿರಾಶ್ರಿತರಲ್ಲಿ ಈಚಿನ ದಿನಗಳಲ್ಲಿ ಸಾಮಾನ್ಯವಾಗಿ ಒಂದು ವರ್ಷದಲ್ಲಿ ಮೂರನೆಯ ದೇಶದ ಪುನರ್ವಸತಿ ದಕ್ಕುವುದು ನೂರಕ್ಕೆ ಒಬ್ಬರಿಗೂ ಇಲ್ಲ. ಆ ಲೆಕ್ಕಕ್ಕೆ ನನ್ನ ಪ್ರಬಂಧ ಪುಣ್ಯವಂತವೇ ಸರಿ. ಪ್ರಬಂಧಕ್ಕೆ ಹಸಿವಾಗುವುದಿಲ್ಲ, ಚಳಿಯಾಗುವುದಿಲ್ಲ, ಅದರ ಮಕ್ಕಳಿಗೆ ಶಾಲೆ ತಪ್ಪುವುದಿಲ್ಲ ಎಂಬುದು ನನಗೂ ಗೊತ್ತಿದೆ.

ಎಲ್ಲ ಕಡೆಯೂ ಹೀಗೆಯೇ ಎಂದರೆ ತಪ್ಪಾದೀತು. ಫೋರ್ಸ್ಡ್ ಮೈಗ್ರೇಶನ್ ರಿವ್ಯೂ ಎಂಬ ಪ್ರಕಟಣೆ ಇಂಗ್ಲಿಷ್, ಅರಬ್ಬಿ, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲಿ ಹೊರಬರುತ್ತದೆ, ಓದಲು ದುಡ್ಡು ಕೇಳುವುದಿಲ್ಲ, ನೆಲೆ ಕಳೆದುಕೊಂಡವರೇ ಬರೆಯಲೆಂದು ಕರೆಯುತ್ತದೆ. ಅಲ್ಲಿಗೇ ಕಳುಹಿಸಬಹುದಿತ್ತಲ್ಲ ಎಂದು ಸಹಲೇಖಕರು ಕೇಳಿದರು. ಅದರಲ್ಲಿ ಬಂದರೆ ಜನ ಓದುತ್ತಾರೆ ನಿಜ, ಆದರೆ ನನ್ನ ಬಡ್ತಿಯ ಅಂಕಪಟ್ಟಿಯಲ್ಲಿ ಓದುಗರಿಗೆಂದು ಅಂಕಣವಿಲ್ಲ ಎಂದು ನಾನು ತಲೆ ತಗ್ಗಿಸಿ ವಿವರಿಸಬೇಕಾಯಿತು. ಎಲ್ಲರೂ ಓದುವಂತೆ ಮುಕ್ತವಾಗಿ ಪ್ರಕಟಿಸುವ ದಾರಿ ವಿದ್ವತ್ ಪತ್ರಿಕೆಗಳಲ್ಲೂ ಉಂಟು, ಲೇಖಕರು ಶುಲ್ಕ ತೆತ್ತರೆ. ವಿಜ್ಞಾನದ ನೇಚರ್ ಪತ್ರಿಕೆ 2020ರಲ್ಲಿ ಈ ಶುಲ್ಕವನ್ನು 9,500 ಯೂರೋ ಎಂದು ಘೋಷಿಸಿತ್ತು; ನಮ್ಮದು ಬಡವರ ವಿಷಯವಾದ್ದರಿಂದ ಅಷ್ಟಿಲ್ಲ, ಸಹಲೇಖಕರು ಹನ್ನೊಂದು ವರ್ಷಗಳಲ್ಲಿ ಒಟ್ಟಿಗೆ ನೋಡಿರದ ಮೊತ್ತ, ಅಷ್ಟೆ.

ಕಳೆದ ವಾರ ಮೂರನೆಯ ಪತ್ರಿಕೆಯ ಎರಡನೆಯ ಪರಿಶೀಲಕರ ಟಿಪ್ಪಣಿ ಬಂದಿದೆ. ಪ್ರಬಂಧದ ಒಂಬತ್ತನೆಯ ಪುಟದಲ್ಲಿ, ನೀರಿನ ಸಾಲು ಬೆಳಗಿನ ಜಾವ ನಾಲ್ಕಕ್ಕೇ ಆರಂಭವಾಗುತ್ತದೆ, ಕೊಡದ ಬದಲು ಕಲ್ಲಿಟ್ಟು ಜಾಗ ಹಿಡಿದರೆ ಜಗಳವಾಗುತ್ತದೆ, ಎಂಬ ಎರಡು ವಾಕ್ಯಗಳಿವೆ. ಇದಕ್ಕೆ ಆಧಾರವೇನು, ಪ್ರಕಟಿತ ಆಕರವನ್ನು ಪುಟಸಂಖ್ಯೆಯೊಡನೆ ಉಲ್ಲೇಖಿಸಿ, ಎಂದು ಪರಿಶೀಲಕರು ಕೇಳಿದ್ದಾರೆ. ಆ ಸಾಲಿನಲ್ಲಿ ನಿತ್ಯ ನಿಲ್ಲುವವರೇ ಆ ವಾಕ್ಯಗಳನ್ನು ಬರೆದದ್ದೆಂದು ಹೇಳುವ ಹಾಗಿಲ್ಲ, ಅನಾಮಿಕತೆ ಕೆಡುತ್ತದೆ. ಹುಡುಕಿದಾಗ ಪುಣ್ಯಕ್ಕೆ ಒಂದು ಆಕರ ಸಿಕ್ಕಿತು. ಆರು ವರ್ಷಗಳ ಹಿಂದೆ ಹತ್ತು ದಿನಗಳ ಮಟ್ಟಿಗೆ ಶಿಬಿರಕ್ಕೆ ಬಂದಿದ್ದ ವಿದ್ವಾಂಸರೊಬ್ಬರು ಪ್ರಕಟಿಸಿದ ಪ್ರಬಂಧದ ಸಾರಾಂಶದಲ್ಲಿಯೇ ನೀರಿನ ಸಾಲಿನ ಪ್ರಸ್ತಾಪವಿತ್ತು. ಮಾಹಿತಿ ನೀಡಿದವರು "ಶಿಬಿರವಾಸಿ, ಪುರುಷ, 34 ವರ್ಷ". ಸಹಲೇಖಕರಿಗೆ ಕಳುಹಿಸಿದೆ. ಅದು ನಾನೇ, ಆಗ ನನಗೆ ಮೂವತ್ತನಾಲ್ಕು, ಎಂದು ಉತ್ತರ ಬಂತು. ತಮ್ಮ ಮಾತಿಗೆ ಆಧಾರವಾಗಿ ತಮ್ಮನ್ನೇ, ಹೆಸರಿಲ್ಲದೆ, ಇನ್ನೊಬ್ಬರ ಮೂಲಕ ಉಲ್ಲೇಖಿಸಬಹುದೆಂದು ಗೊತ್ತಾಗಿ ಅವರಿಗೆ ಸಮಾಧಾನವೇ ಆಯಿತು. ಉಳಿದದ್ದು ಪುಟಸಂಖ್ಯೆ ಮಾತ್ರ. ತಾವು ಹೇಳಿದ್ದು ಎಷ್ಟನೆಯ ಪುಟದಲ್ಲಿದೆಯೆಂದು ತಾವೇ ನೋಡಿ ತಿಳಿಸುವುದಾಗಿ ಒಪ್ಪಿ, ರಾತ್ರಿ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಕುಳಿತರು.

ಮುಕ್ಕಾಲು ಗಂಟೆಯ ಬಳಿಕ ಅವರ ಫೋನಿನಿಂದ ಪರದೆಯ ಚಿತ್ರವೊಂದು ಬಂತು. ಪ್ರಬಂಧದ ಶೀರ್ಷಿಕೆ, ಅದರ ಕೆಳಗೆ ಇಪ್ಪತ್ತನಾಲ್ಕು ಗಂಟೆಗಳ ಪ್ರವೇಶಕ್ಕೆ ಡಾಲರಿನಲ್ಲಿ ಇಂತಿಷ್ಟು ಎಂಬ ದರ, ಅದರ ಕೆಳಗೆ "ನಿಮ್ಮ ಸಂಸ್ಥೆಯ ಮೂಲಕ ಒಳಬನ್ನಿ" ಎಂಬ ಖಾಲಿ ಚೌಕ, ಚೌಕದ ಪಕ್ಕದಲ್ಲಿ ಕೆಂಪು ನಕ್ಷತ್ರ. ಚಿತ್ರದ ಜೊತೆಗೆ ಒಂದೇ ಸಾಲು ಬರೆದಿದ್ದರು: "ಸರ್, ಸಂಸ್ಥೆ ಎಂಬಲ್ಲಿ ಏನು ತುಂಬಲಿ?"